ಗೋಲ್ಡನ್ ಊರಿನ ಗಣಿ ಕಾಲೇಜು: ಹದಿಮೂರು ಗೆಲುವು, ಮೂರು ಸೋಲು

ಬಂಗಾರಪೇಟೆಯ ರೈಲು ನಿಲ್ದಾಣದಿಂದ ಕವಲೊಡೆದು ಮಾರಿಕುಪ್ಪಂವರೆಗೆ ಸಾಗುವ ಚಿಕ್ಕ ರೈಲುದಾರಿ ನಮ್ಮ ಸೀಮೆಯ ಜನರಿಗೆ ಚಿರಪರಿಚಿತವಾದುದು. 1894ರಲ್ಲಿ, ಈ ಊರಿಗೆ ಇನ್ನೂ ಬೌರಿಂಗ್‌ಪೇಟೆ ಎಂಬ ಹೆಸರಿದ್ದ ಕಾಲದಲ್ಲಿ, ಚಿನ್ನದ ಗಣಿಗಳ ಸಲುವಾಗಿಯೇ ಹಾಕಿದ ದಾರಿ ಅದು. ಗಣಿಗೆ ಬೇಕಾದ ಯಂತ್ರಗಳೂ ಮರಮುಟ್ಟೂ ಆ ದಾರಿಯಲ್ಲಿ ಬಂದವು. ನೆಲದೊಳಗಿನ ಚಿನ್ನ ಆ ದಾರಿಯಲ್ಲಿಯೇ ಹೊರಟುಹೋಯಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಅದೇ ದಾರಿಯಲ್ಲಿ ಹೊರಡುತ್ತಿರುವವರು ನಮ್ಮ ಮಕ್ಕಳು. ನಸುಕಿನಲ್ಲೆದ್ದು, ಬುತ್ತಿಯ ಡಬ್ಬಿ ಹಿಡಿದು, ಬೆಂಗಳೂರಿನ ರೈಲು ಹತ್ತಿ, ರಾತ್ರಿ ದೀಪ ಹಚ್ಚಿದ ಎಷ್ಟೋ ಹೊತ್ತಿನ ಮೇಲೆ ಮನೆ ಸೇರುವ ಸಾವಿರಾರು ಜನ ಈ ಭಾಗದಲ್ಲಿದ್ದಾರೆ. ಅವರಲ್ಲಿ ಕೆಲವರು ಬೆಂಗಳೂರಿಗೆ ನಿಲ್ಲದೆ ಸಮುದ್ರ ದಾಟಿ ಅಮೆರಿಕವನ್ನೂ ಸೇರಿರುವರು. ಉತ್ತರ ಅಮೆರಿಕದ ವೀರಶೈವ ಸಮಾಜದ ಸಮಾವೇಶಗಳಲ್ಲಿ ಸೇರುವ ಕುಟುಂಬಗಳನ್ನು ನೋಡಿದರೆ ನಮ್ಮವರು ಎಲ್ಲೆಲ್ಲಿ ನೆಲೆಸಿದ್ದಾರೆಂಬುದು ತಿಳಿದೀತು.

ಹಾಗೆ ಹೋದ ಮಕ್ಕಳು ಸೆಪ್ಟೆಂಬರ್ ತಿಂಗಳು ಬಂತೆಂದರೆ ಮನೆಗೆ ಮಾತನಾಡುವಾಗ ಒಂದು ಆಟದ ವಿಷಯವನ್ನು ತಪ್ಪದೆ ಎತ್ತುತ್ತಾರೆ. ಶನಿವಾರ ಕಾಲೇಜಿನಲ್ಲಿ ಫುಟ್‌ಬಾಲ್ ಇತ್ತು, ಊರಿಗೆ ಊರೇ ಬಂದಿತ್ತು ಎನ್ನುತ್ತಾರೆ. ಇಲ್ಲಿರುವ ತಂದೆತಾಯಿಗಳು ಕಾಲಿನಿಂದ ಒದೆಯುವ ದುಂಡು ಚೆಂಡನ್ನು ಕಲ್ಪಿಸಿಕೊಂಡು ಹೂಂಗುಟ್ಟುತ್ತಾರೆ. ಅದು ಆ ಆಟವಲ್ಲ. ಅದನ್ನು ಕುರಿತೇ ಈ ಸಲ ನಾಲ್ಕು ಮಾತು ಬರೆಯಬೇಕೆಂದು ನಾವು ಬಯಸಿದೆವು. ಆದರೆ ಹೆಸರಾಂತ ದೊಡ್ಡ ದೊಡ್ಡ ತಂಡಗಳನ್ನು ಬಿಟ್ಟು ಒಂದು ಗಣಿ ಕಾಲೇಜಿನ ತಂಡವನ್ನು ಆರಿಸಿಕೊಂಡಿದ್ದೇವೆ. ಗಣಿಯ ಮಗ್ಗುಲಲ್ಲಿ ಬಾಳಿದ ನಮ್ಮ ಓದುಗರಿಗೆ ಅದು ಹೆಚ್ಚು ಹತ್ತಿರವಾಗಬಹುದು.

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ಡೆನ್ವರ್ ನಗರಕ್ಕೆ ಪಶ್ಚಿಮದಲ್ಲಿ, ರಾಕಿ ಪರ್ವತಗಳ ಬುಡಕ್ಕೆ ಆತುಕೊಂಡು ಗೋಲ್ಡನ್ ಎಂಬ ಪುಟ್ಟ ಊರಿದೆ. 1859ರಲ್ಲಿ ಚಿನ್ನದ ಆಸೆಯಿಂದ ಬಂದವರು ಕಟ್ಟಿದ ಊರು ಅದು. 1862ರಿಂದ 1867ರವರೆಗೆ ಆ ಪ್ರಾಂತಕ್ಕೆಲ್ಲ ಅದೇ ರಾಜಧಾನಿಯಾಗಿತ್ತು. ಊರಿನ ಹೆಸರು ಚಿನ್ನದಿಂದ ಬಂದಿರಬೇಕೆಂದು ಯಾರಾದರೂ ತಿಳಿಯುತ್ತಾರೆ; ನಿಜವಾಗಿ ಅದು ಟಾಮಸ್ ಗೋಲ್ಡನ್ ಎಂಬ ಮನುಷ್ಯನ ಹೆಸರು. ನಮ್ಮಲ್ಲಿ ಆದುದು ಇದಕ್ಕೆ ತಿರುಗುಮುರುಗು. ಬೌರಿಂಗ್ ಎಂಬ ಕಮಿಷನರನ ಹೆಸರು ಅಳಿದು ಬಂಗಾರದ ಹೆಸರು ಉಳಿಯಿತು.

ಊರು ಹುಟ್ಟಿ ಹದಿನೈದು ವರ್ಷ ತುಂಬುವಷ್ಟರಲ್ಲಿ, ಅಂದರೆ 1874ರಲ್ಲಿ, ಅಲ್ಲಿ ಸರ್ಕಾರಿ ಗಣಿ ವಿದ್ಯಾಲಯವೊಂದು ನೆಲೆಗೊಂಡಿತು. ಅದೇ ಕೊಲರಾಡೊ ಸ್ಕೂಲ್ ಆಫ್ ಮೈನ್ಸ್. ಬೆಟ್ಟದ ಅದಿರು ಇನ್ನೂ ಕೈತುಂಬ ಸಿಗುತ್ತಿದ್ದ ಕಾಲದಲ್ಲಿಯೇ ಆ ಜನ ಅದಿರಿನ ವಿದ್ಯೆಗೆ ಒಂದು ಮನೆ ಕಟ್ಟಿದರೆಂಬುದು ಗಮನಿಸತಕ್ಕ ಸಂಗತಿ. ಅದಿರು ಕಡಿಮೆಯಾಯಿತು, ಎಷ್ಟೋ ಗಣಿಗಳು ಮುಚ್ಚಿಹೋದವು, ವಿದ್ಯಾಲಯ ಮಾತ್ರ ಬೆಳೆದು ಇಂದು ಹೆಸರುವಾಸಿಯಾದ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಅಲ್ಲಿ ಓದು ಮುಗಿಸಿದವರಿಗೆ ಕೊಡುವ ಪದವಿಪತ್ರ ಕಾಗದದ್ದಲ್ಲ, ಬೆಳ್ಳಿಯ ತಗಡಿನ ಮೇಲೆ ಕೆತ್ತಿದ್ದು. ಬೆಳ್ಳಿಯ ಕರಡಿಗೆಯನ್ನು ಎದೆಯ ಮೇಲೆ ಧರಿಸುವ ನಮ್ಮ ಜನಕ್ಕೆ ಈ ಪದ್ಧತಿ ಸೊಗಸಾಗಿ ಕಂಡೀತು.

ಈ ವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ‘ಓರ್‌ಡಿಗ್ಗರ್ಸ್’ ಎಂದು ಹೆಸರು. ಅದಿರು ಅಗೆಯುವವರು ಎಂದರ್ಥ. ತಂಡದ ಲಾಂಛನ ಕತ್ತೆ. ನಗಬೇಕಾಗಿಲ್ಲ. ಹಿಂದಿನ ಕಾಲದಲ್ಲಿ ಬೆಟ್ಟದ ಮೇಲಿನ ಗಣಿಗಳಿಗೆ ಸಾಮಾನು ಹೊತ್ತದ್ದು ಕತ್ತೆಯೇ. ಆ ಋಣವನ್ನು ಅವರು ಮರೆತಿಲ್ಲ. ಅವರ ಮೈದಾನದಲ್ಲಿ 1893ರಿಂದ ಈ ಆಟ ನಡೆಯುತ್ತಿದೆ.

ಆಟದ ಬಗೆ

ಆಟವನ್ನು ಸ್ಥೂಲವಾಗಿ ತಿಳಿದುಕೊಳ್ಳದೆ ಮುಂದಿನ ಕಥೆ ರುಚಿಸದು. ಒಂದೊಂದು ಕಡೆಗೆ ಹನ್ನೊಂದು ಜನ. ನೂರು ಗಜ ಉದ್ದದ ಅಂಗಣ. ಚೆಂಡು ದುಂಡಗಿಲ್ಲ, ಎರಡು ತುದಿ ಚೂಪಾದ ಅಂಡಾಕಾರ. ಚೆಂಡು ಹಿಡಿದ ಪಕ್ಷ ನಾಲ್ಕು ಪ್ರಯತ್ನಗಳೊಳಗೆ ಕನಿಷ್ಠ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಇನ್ನು ನಾಲ್ಕು ಪ್ರಯತ್ನ. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಚೆಂಡಿನೊಡನೆ ಎದುರಾಳಿಯ ಕೊನೆಯ ಗೆರೆ ದಾಟಿದರೆ ಆರು ಅಂಕ. ಅದಕ್ಕೆ ಟಚ್‌ಡೌನ್ ಎನ್ನುತ್ತಾರೆ. ದಾಟಲಾಗದಿದ್ದರೆ ಎರಡು ಕಂಬಗಳ ನಡುವೆ ಚೆಂಡನ್ನು ಒದ್ದು ಮೂರು ಅಂಕ ಗಳಿಸಬಹುದು. ಕಾಲಿನಿಂದ ಒದೆಯುವ ಕೆಲಸ ಕಡಿಮೆ. ಉಳಿದುದೆಲ್ಲ ಕೈ, ತೋಳು, ಭುಜಗಳದು.

ನಮ್ಮ ಕಬಡ್ಡಿಯನ್ನು ಬಲ್ಲವರಿಗೆ ಈ ಆಟದ ತಿರುಳು ಬೇಗ ಹಿಡಿದೀತು. ಹಿಡಿಯುವುದು, ಕೆಡವುವುದು, ತಪ್ಪಿಸಿಕೊಂಡು ಗೆರೆ ಮುಟ್ಟುವುದು ಎಲ್ಲವೂ ಇದರಲ್ಲಿದೆ. ಆದರೆ ಕಬಡ್ಡಿಯಲ್ಲಿ ಉಸಿರು ಒಂದೇ ಓಟಕ್ಕೆ ಹರಿಯುತ್ತದೆ. ಇಲ್ಲಿ ಕೆಲವು ಕ್ಷಣ ಆಡಿ, ನಿಂತು, ಗುಂಪುಗೂಡಿ ಮಾತನಾಡಿ, ಮತ್ತೆ ಆಡುತ್ತಾರೆ. ಪ್ರತಿಯೊಂದು ನಡೆಯೂ ಮೊದಲೇ ಹೆಣೆದ ಲೆಕ್ಕ. ಆ ಲೆಕ್ಕವನ್ನು ಅಂಗಣದಲ್ಲಿ ನಡೆಸುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಅವನ ಎದುರಿಗೆ ಐದು ಜನ ಭಾರಿ ಆಳುಗಳು ಗೋಡೆಯಂತೆ ನಿಂತು ಎದುರಾಳಿಗಳನ್ನು ತಡೆಯುತ್ತಾರೆ. ಅವರ ಕೈಗೆ ಚೆಂಡು ಬರುವುದು ಅಪರೂಪ, ಅಂಕದ ಪಟ್ಟಿಯಲ್ಲಿ ಅವರ ಹೆಸರು ಕಾಣುವುದು ಇನ್ನೂ ಅಪರೂಪ. ನಮಗೆ ಈ ಆಟದಲ್ಲಿ ಅತ್ಯಂತ ಪ್ರಿಯರಾದವರು ಅವರೇ ಎಂದು ಹೇಳಿಬಿಡುತ್ತೇವೆ.

ಕಾಲೇಜುಗಳ ಆಟದ ಕಾಲ ಸೆಪ್ಟೆಂಬರಿನ ಆಸುಪಾಸಿನಲ್ಲಿ ಮೊದಲಾಗಿ ನವೆಂಬರಿನವರೆಗೆ ನಡೆಯುತ್ತದೆ. ವಾರಕ್ಕೊಂದರಂತೆ, ಹೆಚ್ಚಾಗಿ ಶನಿವಾರ, ಹತ್ತು ಹನ್ನೊಂದು ಪಂದ್ಯಗಳು. ಸಾವಿರಾರು ವಿದ್ಯಾರ್ಥಿಗಳ ಹೆಸರಾಂತ ವಿಶ್ವವಿದ್ಯಾಲಯಗಳದು ಮೊದಲ ವರ್ಗ. ಅಲ್ಲಿ ಹಣದ ಹೊಳೆಯೇ ಹರಿಯುತ್ತದೆ. ಗೋಲ್ಡನ್ನಿನ ಕಾಲೇಜು ಎರಡನೆಯ ವರ್ಗಕ್ಕೆ ಸೇರಿದೆ. ಈ ವರ್ಗದಲ್ಲಿ ಫುಟ್‌ಬಾಲ್ ಆಡುವ ಕಾಲೇಜುಗಳೇ ನೂರ ಅರವತ್ತರ ಆಸುಪಾಸು. ಒಂದು ತಂಡಕ್ಕೆ ಮೂವತ್ತಾರು ಪೂರ್ಣ ವಿದ್ಯಾರ್ಥಿವೇತನಗಳಷ್ಟು ಹಣವನ್ನು ಮಾತ್ರ ಕೊಡಬಹುದೆಂಬ ನಿಯಮವಿತ್ತು. ತಂಡದಲ್ಲಿ ನೂರರ ಹತ್ತಿರ ಹುಡುಗರು. ಆದುದರಿಂದ ಅದನ್ನೇ ಹಂಚಿ ಕೊಡಬೇಕು. ಬಹಳಷ್ಟು ಹುಡುಗರು ತಮ್ಮ ಶುಲ್ಕದ ಒಂದು ಪಾಲನ್ನು ತಾವೇ ಹೊರಬೇಕು.

2022ರ ಕಥೆ

ಈ ತಂಡದ ಇತಿಹಾಸದಲ್ಲಿ ಬೆಳಕಿನ ವರ್ಷಗಳು ವಿರಳ. 1939ರಲ್ಲಿ ಒಂದೂ ಪಂದ್ಯ ಸೋಲದೆ ಮೆರೆದದ್ದನ್ನು ಹಳಬರು ಬಹುಕಾಲ ನೆನೆಯುತ್ತಿದ್ದರು. ಆಮೇಲೆ ದಶಕಗಳ ಕಾಲ ಹೇಳಿಕೊಳ್ಳುವಂಥದು ಕಡಿಮೆ. ಇಂಜಿನಿಯರಿಂಗ್ ಓದುವ ಹುಡುಗರಿಂದ ಇದೆಲ್ಲ ಆಗದೆಂಬ ಮಾತು ಬಹುಶಃ ಅಲ್ಲಿಯೂ ಇದ್ದಿರಬೇಕು. 2004ರಲ್ಲಿ ಚಾಡ್ ಫ್ರೀಹಾಫ್ ಎಂಬ ಕ್ವಾರ್ಟರ್‌ಬ್ಯಾಕ್ ಎರಡನೆಯ ವರ್ಗದ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹಾರ್ಲನ್ ಹಿಲ್ ಪ್ರಶಸ್ತಿ ಪಡೆದನು. 2016ರಲ್ಲಿ ಜಸ್ಟಿನ್ ಡ್ವೊರಾಕ್ ಅದನ್ನೇ ಪಡೆದನು. 2021ರಲ್ಲಿ ತಂಡ ರಾಷ್ಟ್ರೀಯ ಸೆಮಿಫೈನಲ್ ಮುಟ್ಟಿ, ಜಾರ್ಜಿಯಾ ರಾಜ್ಯದ ವಾಲ್ಡೋಸ್ಟಾ ತಂಡದೆದುರು 34–31ರಿಂದ ಸೋತಿತು. ಮೂರೇ ಅಂಕ. ಆ ಬಳಿಕ ಹಿರಿಯ ತರಬೇತುದಾರ ಗ್ರೆಗ್ ಬ್ರ್ಯಾಂಡನ್ ನಿವೃತ್ತರಾದರು. ಬ್ರ್ಯಾಂಡನ್ ಮೂರ್ ಎಂಬುವರಿಗೆ ಹೊಣೆ ಬಂತು.

ಹೊಸ ಗುರುವಿನ ಮೊದಲ ಪಂದ್ಯ ಮಿಷಿಗನ್ ರಾಜ್ಯದ ಗ್ರ್ಯಾಂಡ್ ವ್ಯಾಲಿ ತಂಡದೆದುರು. ಮತ್ತೆ ಮೂರೇ ಅಂಕದ ಸೋಲು. ಎರಡನೆಯ ಪಂದ್ಯ ಟೆಕ್ಸಸ್ಸಿನ ಆಂಜೆಲೊ ಸ್ಟೇಟ್ ತಂಡದೊಡನೆ, ಅದರಲ್ಲಿಯೂ ಸೋಲು. ಹಿಂದಿನ ವರ್ಷ ಸೆಮಿಫೈನಲ್ ಆಡಿದ ತಂಡ ಮೊದಲೆರಡು ವಾರಗಳಲ್ಲಿಯೇ ಎರಡು ಪಂದ್ಯ ಕಳೆದುಕೊಂಡಿತು. ಹನ್ನೊಂದೇ ಪಂದ್ಯಗಳ ಲೆಕ್ಕದಲ್ಲಿ ಇದು ಚಿಕ್ಕ ಪೆಟ್ಟಲ್ಲ. ಇನ್ನೊಂದು ಸೋತರೆ ಮುಂದಿನ ಸುತ್ತಿನ ಬಾಗಿಲು ಮುಚ್ಚಿದಂತೆಯೇ ಸರಿ.

ಅಲ್ಲಿಂದ ಮುಂದೆ ತಂಡ ಸೋಲಲಿಲ್ಲ. ಉಳಿದ ಒಂಬತ್ತು ಪಂದ್ಯಗಳನ್ನೂ ಗೆದ್ದಿತು. ಈ ಗೆಲುವುಗಳ ನಡುವಣ ಕೇಂದ್ರ ಜಾನ್ ಮಟೋಚಾ ಎಂಬ ಟೆಕ್ಸಸ್ಸಿನ ಹುಡುಗ. ಅವನು ಬೇರೆ ಕ್ವಾರ್ಟರ್‌ಬ್ಯಾಕ್‌ಗಳಂತೆ ಭಾರಿ ಆಳಲ್ಲ. ಕಣ್ಣು ಚುರುಕು, ಕೈ ನಿಖರ, ಚೆಂಡನ್ನು ಬೇಗ ಬಿಡುವ ಗುಣ. ಎಸೆತದ ಮೂಲಕ ಟಚ್‌ಡೌನ್ ಕೊಡಿಸುವುದರಲ್ಲಿ ಅವನು ಮುಂದೆ ಅಮೆರಿಕದ ಕಾಲೇಜು ಆಟದ ದಾಖಲೆಗಳನ್ನೇ ಮುರಿದನು. ಆದರೆ ವಾರದ ಐದು ದಿನ ಅವನೂ ಅವನ ಜೊತೆಗಾರರೂ ಉಳಿದ ವಿದ್ಯಾರ್ಥಿಗಳಂತೆಯೇ ತರಗತಿಯಲ್ಲಿದ್ದರೆಂಬುದನ್ನು ಮರೆಯಲಾಗದು. ಆ ವಿದ್ಯಾಲಯದಲ್ಲಿ ಯಾವ ಶಾಖೆ ಹಿಡಿದರೂ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಎಲ್ಲರೂ ದಾಟಲೇಬೇಕು. ಕೆಲವು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಆಟಗಾರರಿಗೆಂದೇ ಹಗುರವಾದ ವಿಷಯಗಳನ್ನು ಆರಿಸಿಕೊಡುವ ರೂಢಿಯಿದೆ ಎಂಬ ಟೀಕೆ ಅಮೆರಿಕದಲ್ಲಿಯೇ ಆಗಾಗ ಕೇಳಿಬರುತ್ತದೆ. ಇಲ್ಲಿ ಅಂಥ ಹಗುರ ವಿಷಯ ಇಲ್ಲವೇ ಇಲ್ಲ.

ನವೆಂಬರಿನಲ್ಲಿ ಇಡೀ ದೇಶದಿಂದ ಇಪ್ಪತ್ತೆಂಟು ತಂಡಗಳನ್ನು ಆರಿಸಿ ಸೋತವರು ಮನೆಗೆ ಎಂಬ ರೀತಿಯ ಸುತ್ತುಗಳನ್ನು ನಡೆಸಿದರು. ಗಣಿ ಕಾಲೇಜು ಮೊದಲೆರಡು ಸುತ್ತು ದಾಟಿತು. ಮೂರನೆಯದರಲ್ಲಿ ಎದುರಾದದ್ದು ಅದೇ ಆಂಜೆಲೊ ಸ್ಟೇಟ್! ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದ ತಂಡ. ಆಟವೂ ಅವರ ಅಂಗಣದಲ್ಲಿಯೇ. ಸೆಪ್ಟೆಂಬರಿನಲ್ಲಿ ಸೋತವರು ಡಿಸೆಂಬರಿನಲ್ಲಿ ಟೆಕ್ಸಸ್ಸಿಗೆ ಹೋಗಿ ಗೆದ್ದು ಬಂದರು. ನಾವು ಈ ಇಡೀ ಕಥೆಯಲ್ಲಿ ಬಹುವಾಗಿ ಮೆಚ್ಚುವ ಘಟ್ಟ ಇದು. ಹನ್ನೆರಡು ವಾರ ತಮ್ಮ ಕೆಲಸ ತಾವು ಮಾಡಿಕೊಂಡಿದ್ದರು.

ಸೆಮಿಫೈನಲ್ ಗೋಲ್ಡನ್ನಿನಲ್ಲಿಯೇ ನಡೆಯಿತು. ಬಂದವರು ವೆಸ್ಟ್ ವರ್ಜೀನಿಯಾದ ಶೆಫರ್ಡ್ ತಂಡದವರು. ಅವರ ಕ್ವಾರ್ಟರ್‌ಬ್ಯಾಕ್ ಟೈಸನ್ ಬೇಜೆಂಟ್ ಹಿಂದಿನ ವರ್ಷದ ಹಾರ್ಲನ್ ಹಿಲ್ ಪ್ರಶಸ್ತಿ ಪಡೆದವನು. ಮರುವರ್ಷ ಶಿಕಾಗೋದ ವೃತ್ತಿಪರ ತಂಡವನ್ನೇ ಸೇರಿ ಆಡಿದವನು. ಇಬ್ಬರು ಶ್ರೇಷ್ಠರ ಹಣಾಹಣಿ ಎಂದು ಎಲ್ಲರೂ ಕಾದಿದ್ದರು. ನಡೆದದ್ದು ಹಾಗಲ್ಲ. ಗಣಿ ಕಾಲೇಜು 44–13ರಿಂದ ಸುಲಭವಾಗಿ ಗೆದ್ದು ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಫೈನಲ್ ಸೇರಿತು.

2022ರ ಡಿಸೆಂಬರ್ 17, ಟೆಕ್ಸಸ್ಸಿನ ಮೆಕಿನಿ ಊರು. ಅಂತಿಮ ಪಂದ್ಯ ನಡೆಯುವುದು ಅಲ್ಲಿನ ಶಾಲೆಗಳಿಗಾಗಿ ಕಟ್ಟಿದ ಕ್ರೀಡಾಂಗಣದಲ್ಲಿ ಎಂದರೆ ನಮ್ಮವರು ಬೆರಗಾಗಬಹುದು. ಶಾಲೆಯ ಮಕ್ಕಳಿಗೆ ಅಂಥ ಕ್ರೀಡಾಂಗಣ! ಎದುರಾಳಿ ಮಿಷಿಗನ್ ರಾಜ್ಯದ ಫೆರಿಸ್ ಸ್ಟೇಟ್, ಹಿಂದಿನ ವರ್ಷದ ಚಾಂಪಿಯನ್. ಗಣಿ ಕಾಲೇಜಿನ ಆಟ ಅಂದು ನಡೆಯಲಿಲ್ಲ. 41–14. ಹದಿಮೂರು ಗೆಲುವುಗಳ ಸರಣಿ ಅಲ್ಲಿಗೆ ಮುಗಿಯಿತು. ಒಟ್ಟು ಹದಿನಾರು ಪಂದ್ಯ, ಹದಿಮೂರು ಗೆಲುವು, ಮೂರು ಸೋಲು. ಆ ವರ್ಷದ ಹಾರ್ಲನ್ ಹಿಲ್ ಪ್ರಶಸ್ತಿ ಮಾತ್ರ ಮಟೋಚಾನಿಗೆ ಸಂದಿತು.

ಮರುವರ್ಷದ್ದು ಇನ್ನೂ ಕಠಿಣ ಕಥೆ. 2023ರಲ್ಲಿ ತಂಡ ಹದಿನಾಲ್ಕು ಪಂದ್ಯಗಳನ್ನು ಸತತವಾಗಿ ಗೆದ್ದು ಮತ್ತೆ ಅದೇ ಮೆಕಿನಿಗೆ ಬಂತು. ಈ ಸಲ ಎದುರು ನಿಂತದ್ದು ಅರ್ಕಾನ್ಸಾಸ್ ರಾಜ್ಯದ ಹಾರ್ಡಿಂಗ್ ಎಂಬ ಕ್ರೈಸ್ತ ವಿಶ್ವವಿದ್ಯಾಲಯ. ಗಣಿ ಕಾಲೇಜಿನವರು ಚೆಂಡು ಎಸೆಯುವುದರಲ್ಲಿ ನಿಪುಣರು; ಹಾರ್ಡಿಂಗ್‌ನವರು ಎಸೆಯುವುದೇ ಅಪರೂಪ, ಚೆಂಡನ್ನು ಎದೆಗವಚಿಕೊಂಡು ನೆಲ ಹಿಡಿದು ಗಜಗಜ ಮುಂದೆ ತಳ್ಳುವ ಹಳೆಯ ಕಾಲದ ಪದ್ಧತಿ ಅವರದು. ಹಾಗೆ ಓಡಿಯೇ ಅವರು ಆ ವರ್ಷ ದಾಖಲೆ ಮಾಡಿದ್ದರು. ಚೆಂಡು ಅವರ ಕೈಯಲ್ಲೇ ಉಳಿದರೆ ಮಟೋಚಾ ಎಸೆಯುವುದಾದರೂ ಏನನ್ನು? 38–7. ವರ್ಷವಿಡೀ ಒಂದೇ ಸೋಲು, ಅದೂ ಕೊನೆಯ ದಿನ. ಬಳಿಕ ತರಬೇತುದಾರ ಮೂರ್ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟರು. ಮಟೋಚಾನ ಕಾಲೇಜು ಆಟವೂ ಅಲ್ಲಿಗೆ ಮುಗಿಯಿತು. ಆ ಊರಿನ ಕಪಾಟಿಗೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ಬರಲಿಲ್ಲ.

ಪೋಷಕರ ಅಂಜಿಕೆ

ಇಷ್ಟು ಓದಿದ ತಾಯಂದಿರು ಕೇಳುವ ಪ್ರಶ್ನೆಯನ್ನು ನಾವು ಊಹಿಸಬಲ್ಲೆವು: ಮಕ್ಕಳಿಗೆ ಪೆಟ್ಟಾಗದೆ? ಆಗುತ್ತದೆ. ಅದನ್ನು ಮುಚ್ಚಿಡಬಾರದು. 1905ರಲ್ಲಿ ಈ ಆಟದಿಂದ ಯುವಕರ ಸಾವುಗಳು ಸಂಭವಿಸಿದಾಗ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರೇ ಕಾಲೇಜುಗಳವರನ್ನು ಕರೆಸಿ ಮಾತನಾಡಬೇಕಾಯಿತು. ಮರುವರ್ಷ ನಿಯಮಗಳು ಬದಲಾದವು. ಚೆಂಡನ್ನು ಮುಂದಕ್ಕೆ ಎಸೆಯುವ ಅವಕಾಶ ಆಗಲೇ ದೊರೆತದ್ದು. ಅಂದರೆ ಮಟೋಚಾನಂಥವರ ಕಲೆಯೇ ಒಂದು ಸುರಕ್ಷತಾ ಕ್ರಮದಿಂದ ಹುಟ್ಟಿತು ಎನ್ನಬಹುದು. ಶಿರಸ್ತ್ರಾಣ, ಭುಜಕವಚಗಳಿದ್ದರೂ ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟು ಮಿದುಳಿಗೆ ದೀರ್ಘಕಾಲದ ಹಾನಿ ಮಾಡಬಲ್ಲದೆಂದು ವೈದ್ಯರು ಇತ್ತೀಚಿನ ವರ್ಷಗಳಲ್ಲಿ ದೃಢವಾಗಿ ಹೇಳುತ್ತಿದ್ದಾರೆ. ನಮ್ಮ ಮಕ್ಕಳು ಈ ಆಟವನ್ನು ಆಡಲಿ ಎಂದು ನಾವು ಖಂಡಿತ ಬರೆಯಲಾರೆವು. ಭಾರತದಲ್ಲಿ ಇದನ್ನು ಬಿತ್ತುವ ಪ್ರಯತ್ನ 2012ರಲ್ಲಿ ಎಲೈಟ್ ಫುಟ್‌ಬಾಲ್ ಲೀಗ್ ಎಂಬ ಹೆಸರಿನಲ್ಲಿ ನಡೆಯಿತು. ಬೆಂಗಳೂರಿನ ಹೆಸರಿನ ತಂಡವೊಂದೂ ಅದರಲ್ಲಿತ್ತು. ಮೊದಲ ಪಂದ್ಯಗಳನ್ನು ಶ್ರೀಲಂಕಾದಲ್ಲಿ ಆಡಿಸಿದರು. ಅದು ನಮ್ಮ ನೆಲದಲ್ಲಿ ಬೇರು ಬಿಡಲಿಲ್ಲ. ನಮಗೆ ಅದರ ವ್ಯಥೆಯೇನೂ ಇಲ್ಲ. ಕಬಡ್ಡಿ ಇದೆ, ಹಾಕಿ ಇದೆ.

ವ್ಯಥೆ ಬೇರೆಯದು. ಹತ್ತನೆಯ ತರಗತಿಗೆ ಬಂದ ಹುಡುಗನ ಕೈಯಿಂದ ಚೆಂಡು ಕಿತ್ತುಕೊಂಡು ಟ್ಯೂಷನ್ನಿಗೆ ಕಳುಹಿಸದ ಮನೆ ನಮ್ಮ ಸಮಾಜದಲ್ಲಿ ಎಷ್ಟಿದೆ? ಪಿ.ಯು.ಸಿ. ಮತ್ತು ಸಿ.ಇ.ಟಿ. ಮುಗಿಯುವವರೆಗೆ ಮೈದಾನವೆಂದರೆ ಕಾಲಹರಣ. ಹೆಣ್ಣುಮಕ್ಕಳ ವಿಷಯದಲ್ಲಂತೂ ಅಷ್ಟು ವಯಸ್ಸಿನವರೆಗೂ ಕಾಯುವುದಿಲ್ಲ. ಕಾಯಕಕ್ಕೆ ಕಾಯವೇ ಆಧಾರವೆಂದು ಬಲ್ಲ ಧರ್ಮ ನಮ್ಮದು. ಬಸವಣ್ಣನವರ ಅನುಭವ ಮಂಟಪಕ್ಕೆ ಬಂದ ಶರಣರಲ್ಲಿ ಬಹುಪಾಲು ಮೈ ಬಗ್ಗಿಸಿ ದುಡಿದವರು: ಹಗ್ಗ ಹೊಸೆದ ನುಲಿಯ ಚಂದಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಯ್ಯ, ಚಿನ್ನದ ಕೆಲಸದ ಕಿನ್ನರಿ ಬ್ರಹ್ಮಯ್ಯ. ಅಂಥವರ ಹೆಸರು ಹೇಳುವ ಮನೆಗಳಲ್ಲಿ ಮೈ ದಣಿಸುವುದನ್ನು ಓದಿನ ಶತ್ರುವೆಂದು ಎಣಿಸುವುದು ನಮಗೆ ಸರಿಯಾಗಿ ಕಾಣದು. ಗಣಿತವನ್ನೂ ಬಿಡದೆ ಮೈದಾನವನ್ನೂ ಬಿಡದೆ ಎರಡು ವರ್ಷ ರಾಷ್ಟ್ರೀಯ ಫೈನಲ್ ಆಡಿದ ಹುಡುಗರನ್ನು ನಾವು ಇಲ್ಲಿ ತಂದು ನಿಲ್ಲಿಸಿದ್ದು ಈ ಕಾರಣಕ್ಕೆ.

ನಮ್ಮ ಗಣಿ, ನಮ್ಮ ಮೈದಾನ

ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೂ ಆಟಕ್ಕೂ ಹಳೆಯ ನಂಟು. ಊರ್ಗಾಂನ ಜಿಮ್ಖಾನಾ ಮೈದಾನವನ್ನು ಅರಿಯದವರು ಈ ಸೀಮೆಯಲ್ಲಿಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಓಡಿ, ಮರುವರ್ಷ ಅರ್ಜುನ ಪ್ರಶಸ್ತಿ ಪಡೆದ ಕೆನೆತ್ ಪೊವೆಲ್ ಹುಟ್ಟಿದ್ದು ಕೋಲಾರದ ನೆಲದಲ್ಲಿ. ಅವರು 2022ರಲ್ಲಿ, ಗೋಲ್ಡನ್ನಿನ ಹುಡುಗರು ಮೊದಲ ಫೈನಲ್ ಆಡಿದ ಅದೇ ಡಿಸೆಂಬರಿನಲ್ಲಿ, ತೀರಿಕೊಂಡರು.

ವಿದ್ಯೆಯ ನಂಟೂ ಚಿಕ್ಕದಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ದೂರದ ತಂತಿಗಳ ಮೇಲೆ ಹರಿದು ಬಂದು ಈ ಗಣಿಗಳನ್ನು ಬೆಳಗಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿಯಿತು. ಅಷ್ಟು ಆಳದಲ್ಲಿ ಬಂಡೆ ಸಿಡಿಯುವುದನ್ನೂ ಕಾವನ್ನೂ ಎದುರಿಸಿ ಕೆಲಸ ಮಾಡುವ ಅರಿವು ಇಲ್ಲಿನ ಕಾರ್ಮಿಕರಿಗಿತ್ತು, ಇಂಜಿನಿಯರರಿಗಿತ್ತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನವರೊಡನೆ ಸೇರಿ ಇದೇ ಗಣಿಯ ಆಳದಲ್ಲಿ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು; ಜಗತ್ತಿನಲ್ಲಿ ಅಂಥ ಮೊದಲ ಪ್ರಯೋಗಗಳಲ್ಲಿ ಅದೂ ಒಂದು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಇಲ್ಲಿಯೇ ಹುಟ್ಟಿತು. ಅದರ ಮುಖ್ಯ ಕಚೇರಿ ಆಮೇಲೆ ಬೆಂಗಳೂರಿಗೆ ಹೋಯಿತು. ಗಣಿಗಾರಿಕೆಯ ಡಿಪ್ಲೊಮಾ ಕಲಿಸುವ ಸ್ಕೂಲ್ ಆಫ್ ಮೈನ್ಸ್ ಎಂಬ ಹೆಸರಿನ ಸಂಸ್ಥೆಯೂ ನಮ್ಮಲ್ಲಿದೆ. ಹೆಸರು ಒಂದೇ. ಆದರೆ ಗೋಲ್ಡನ್ನಿನಲ್ಲಿ ಬೆಳೆದಂತೆ ಅದು ವಿಶ್ವವಿದ್ಯಾಲಯವಾಗಿ ಬೆಳೆಯಲಿಲ್ಲ. ನೂರಿಪ್ಪತ್ತು ವರ್ಷ, ಎಂಟುನೂರು ಟನ್ನಿನಷ್ಟು ಚಿನ್ನ. ಅದರಲ್ಲಿ ಒಂದು ತೊಲವನ್ನಾದರೂ ಅಂಥ ಕೆಲಸಕ್ಕೆ ಎತ್ತಿಟ್ಟಿದ್ದರೆ ಎಂದು ಅನ್ನಿಸದಿರದು.

ಉತ್ತರ ಕರ್ನಾಟಕದ ನಮ್ಮ ಹಿರಿಯರು ಚಿನ್ನದ ಗಣಿ ಇಲ್ಲದೆಯೇ ಈ ಕೆಲಸ ಮಾಡಿ ತೋರಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದರು; ಅವರಿಗೆ ಸಪ್ತರ್ಷಿಗಳೆಂದೇ ಹೆಸರು. ತುಮಕೂರಿನಲ್ಲಿ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 1963ರಲ್ಲಿ ತಾಂತ್ರಿಕ ಕಾಲೇಜನ್ನು ತೆರೆದರು. ನಮ್ಮ ಈ ಗಡಿ ಸೀಮೆಯಲ್ಲಿ ನಮ್ಮವರ ಮನೆಗಳು ಚದುರಿದಂತೆ ಇವೆ. ತೆಲುಗು, ತಮಿಳು, ಉರ್ದು ಮಾತಿನ ನೆರೆಹೊರೆಯವರೊಡನೆ ಬೆರೆತು ಬಾಳಿದವರು ನಾವು. ಅಷ್ಟು ದೊಡ್ಡ ಕೆಲಸ ನಮ್ಮ ಕೈಯಳವ್ಯಾಪ್ತಿಯದಾಗಿರಲಿಲ್ಲ ಎಂಬುದನ್ನು ಒಪ್ಪಬೇಕು.

ಆದರೂ ಕೇಳಬೇಕಾದ ಒಂದು ಮಾತಿದೆ. ಗೋಲ್ಡನ್ನಿನಿಂದ ಬೆಟ್ಟದ ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಐಡಾಹೊ ಸ್ಪ್ರಿಂಗ್ಸ್ ಎಂಬಲ್ಲಿ ಎಡ್ಗರ್ ಎಂಬ ಹಳೆಯ ಗಣಿಯಿದೆ. 1870ರ ದಶಕದಲ್ಲಿ ಬೆಳ್ಳಿ, ಚಿನ್ನ ಕೊಟ್ಟದ್ದು. ಈಗ ಅದು ಗಣಿ ಕಾಲೇಜಿನ ಪಾಠಶಾಲೆ. ವಿದ್ಯಾರ್ಥಿಗಳು ದೀಪದ ಟೋಪಿ ತೊಟ್ಟು ಒಳಹೊಕ್ಕು ಬಂಡೆ ಕೊರೆಯುವುದನ್ನೂ ಅಳೆಯುವುದನ್ನೂ ಅಪಘಾತವಾದಾಗ ಜನರನ್ನು ಪಾರುಮಾಡುವುದನ್ನೂ ಅಲ್ಲಿ ಕಲಿಯುತ್ತಾರೆ. ಮುಚ್ಚಿದ ಗಣಿ ಅಲ್ಲಿ ತರಗತಿಯಾಯಿತು. ಇಲ್ಲಿ ಪಂಪುಗಳು ನಿಂತಮೇಲೆ ನೀರು ತುಂಬಿತು. ಊರ ಸುತ್ತ ಉಳಿದಿರುವುದು ಸೈನೈಡ್ ದಿಬ್ಬಗಳು. ಬೇಸಿಗೆಯ ಗಾಳಿಗೆ ಆ ದಿಬ್ಬಗಳ ಧೂಳು ಮನೆಯೊಳಕ್ಕೆ ಬರುವುದನ್ನು ಅಲ್ಲಿನ ಗೃಹಿಣಿಯರನ್ನು ಕೇಳಿದರೆ ಹೇಳುತ್ತಾರೆ. 2024ರ ಜೂನ್ ತಿಂಗಳಲ್ಲಿ, ಸಾವಿರ ಎಕರೆಯಷ್ಟು ಜಾಗದಲ್ಲಿರುವ ಹದಿಮೂರು ದಿಬ್ಬಗಳಿಂದ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆ ಕೆಲಸ ನಡೆಯುವುದಾದರೆ ಅದರ ವಿದ್ಯೆ ಇಲ್ಲಿನ ಮಕ್ಕಳಿಗೆ ಇಲ್ಲಿಯೇ ದೊರೆಯಲಿ, ಅದರ ಲಾಭದಲ್ಲಿ ಜಿಮ್ಖಾನಾ ಮೈದಾನದಂಥ ಅಂಗಣಗಳು ಹಸನಾಗಲಿ ಎಂದು ನಮ್ಮ ಸಮಾಜದ ಮುಖಂಡರು ಬೇರೆಲ್ಲ ಸಮಾಜಗಳವರೊಡನೆ ಕೂಡಿ ಕೇಳಬಾರದೇಕೆ? ಚಿನ್ನದಲ್ಲಿ ಪಾಲು ಕೇಳುವುದಕ್ಕಿಂತ ಇದು ಸುಲಭ, ಕೊಡುವವರಿಗೂ ಭಾರವಾಗದು.

ಗೋಲ್ಡನ್ನಿನ ಇನ್ನೊಂದು ಪದ್ಧತಿಯನ್ನು ಹೇಳಿ ಮುಗಿಸುತ್ತೇವೆ. ಊರ ಮಗ್ಗುಲ ಜಿಯಾನ್ ಬೆಟ್ಟದ ಮೇಲೆ ವಿದ್ಯಾಲಯದ ಹೆಸರಿನ ಮೊದಲಕ್ಷರ ‘ಎಂ’ ಅನ್ನು 1908ರಲ್ಲಿ ಕಲ್ಲುಗಳಿಂದ ಬರೆದರು. ರಾತ್ರಿ ಅದಕ್ಕೆ ದೀಪಾಲಂಕಾರವಿರುತ್ತದೆ. ಪ್ರತಿವರ್ಷ ಹೊಸದಾಗಿ ಸೇರುವ ವಿದ್ಯಾರ್ಥಿಗಳು ತಂತಮ್ಮ ಊರಿನಿಂದ ಹತ್ತು ಪೌಂಡು ತೂಕದ ಒಂದೊಂದು ಕಲ್ಲು ತಂದು, ಹೊತ್ತು ಬೆಟ್ಟ ಹತ್ತಿ, ಆ ಅಕ್ಷರಕ್ಕೆ ಸೇರಿಸಿ ಸುಣ್ಣ ಬಳಿಯುತ್ತಾರೆ. ಫುಟ್‌ಬಾಲ್ ಆಡುವವನಿಗೂ ಆಡದವನಿಗೂ ಒಂದೇ ನಿಯಮ. ಓದು ಮುಗಿದ ವರ್ಷ ಮತ್ತೆ ಹತ್ತಿ ಒಂದು ಕಲ್ಲನ್ನು ಹಿಂದಕ್ಕೆ ಒಯ್ಯುತ್ತಾರೆ. ಹತ್ತು ಪೌಂಡೆಂದರೆ ನಾಲ್ಕೂವರೆ ಕಿಲೋ. ವಿಮಾನದಲ್ಲಿ ಒಂದು ಪೆಟ್ಟಿಗೆಗೆ ಇಪ್ಪತ್ತಮೂರು ಕಿಲೋ ಮಾತ್ರ. ಮುಂದೊಂದು ದಿನ ಬಂಗಾರಪೇಟೆಯ ಹುಡುಗನೋ ಹುಡುಗಿಯೋ ಆ ಕಾಲೇಜಿಗೆ ಹೊರಟರೆ, ಚಟ್ನಿಪುಡಿ, ಉಪ್ಪಿನಕಾಯಿಗಳ ನಡುವೆ ಚಾಂಪಿಯನ್ ರೀಫಿನ ಕಲ್ಲಿಗೂ ಜಾಗ ಮಾಡಬೇಕಾದೀತು. ಮನೆಯಲ್ಲಿ ತಾಯಿಯನ್ನು ಒಪ್ಪಿಸುವ ಕೆಲಸವನ್ನು ಆ ಮಗುವಿಗೇ ಬಿಡುತ್ತೇವೆ.